ಸೈಕಲ್ಲಿನ ಮುಂಭಾಗಕ್ಕೆ ಲೈಟು ಯಾವುದು ತಗೊಳ್ಳಲಿ? ಹಿಂಜವಡಿ–ವಾರ್ಜೆ ರಾತ್ರಿ ಓಡಾಟ, ಭಾನುವಾರ ಸಿಂಹಗಡ

ವಾರ್ಜೆ_ಗದಗ | ಸೋಮವಾರ, ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ಊರು ಗದಗ, ಈಗ ಪುಣೆಯ ವಾರ್ಜೆಯಲ್ಲಿ ಮನೆ, ಕೆಲಸ ಹಿಂಜವಡಿಯಲ್ಲಿ. ವಾಕಡ ಸಿಗ್ನಲ್ಲಿನಲ್ಲಿ ಬೈಕ್ ಮೇಲೆ ಕೂತು ಹೊಗೆ ಕುಡಿದು ಸಾಕಾಗಿ, ಮೂರು ತಿಂಗಳಿಂದ ವಾರಕ್ಕೆ ಮೂರು ದಿನ ಸೈಕಲ್ಲಿನಲ್ಲೇ ಹೋಗುತ್ತಿದ್ದೇನೆ. ಹೋಗುವಾಗ ಬೆಳಕು. ವಾಪಸ್ ಹೊರಡುವಾಗ ಒಂಬತ್ತು ದಾಟಿರುತ್ತದೆ. ಬಾಲೇವಾಡಿ, ಹೈವೇ ಪಕ್ಕದ ಸರ್ವಿಸ್ ರಸ್ತೆ, ಬಾವಧನ್, ಚಾಂದನಿ ಚೌಕ, ಮನೆ. ಅರ್ಧ ದಾರಿಗೆ ಬೀದಿದೀಪ ಇದೆ, ಇನ್ನರ್ಧಕ್ಕೆ ದೇವರೇ ಗತಿ.

ಕಳೆದ ಗುರುವಾರ ಸುಸ್ ಹತ್ತಿರ ಬಣ್ಣ ಹೊಡೆಯದ ಹಂಪ್ ಒಂದು ಕಾಣಲಿಲ್ಲ. ನಾನು ಬೀಳಲಿಲ್ಲ, ಲೈಟು ಬಿತ್ತು. ರಬ್ಬರ್ ಪಟ್ಟಿಯಿಂದ ಚಿಮ್ಮಿ ರಸ್ತೆ ಮಧ್ಯಕ್ಕೆ ಹೋಗಿ, ಅಲ್ಲಿಂದಲೇ ಪಾಪ ನನ್ನ ಕಡೆ ಬೆಳಕು ಬಿಡುತ್ತಿತ್ತು. ಸೈಕಲ್ ನಿಲ್ಲಿಸಿ ಎತ್ತಿಕೊಳ್ಳೋಣ ಅನ್ನುವಷ್ಟರಲ್ಲಿ ಹಿಂದಿನಿಂದ ಟೆಂಪೋ ಬಂತು. ಚಟ್. ಅಷ್ಟೇ.

ಆನ್‌ಲೈನ್‌ನಲ್ಲಿ 499ಕ್ಕೆ ತಗೊಂಡಿದ್ದೆ. ಡಬ್ಬಿ ಮೇಲೆ 2000 ಲ್ಯೂಮೆನ್ ಬೆಳಕು ಅಂತ ಬರೆದಿತ್ತು. ಈ ಸಲ ಸರಿಯಾದದ್ದೇ ತಗೊಳ್ಳಬೇಕು. ಬಜೆಟ್ 3000, ಚಾರ್ಜ್ ಮಾಡುವಂಥದ್ದು ಬೇಕು. ಭಾನುವಾರ ನಸುಕಿನಲ್ಲಿ ಗೆಳೆಯರ ಜೊತೆ ಸಿಂಹಗಡ ಕೋಟೆಯ ಬೆಟ್ಟಕ್ಕೂ ಹೋಗುತ್ತೇನೆ. ಎಷ್ಟು ಲ್ಯೂಮೆನ್ ಬೇಕು, ಹೇಳಿ ಪುಣ್ಯ ಕಟ್ಟಿಕೊಳ್ಳಿ.

ಹಿಂಜವಡಿ_ಶಿಫ್ಟ್ | ಸೋಮವಾರ, ರಾತ್ರಿ 10:51

499ಕ್ಕೆ 2000 ಲ್ಯೂಮೆನ್ನಾ? ಟೆಂಪೋದವನು ನಿಮಗೆ ಉಪಕಾರ ಮಾಡಿದ್ದಾನೆ ಗುರು.

ಮಲ್ಟಿಮೀಟರ್ | ಸೋಮವಾರ, ರಾತ್ರಿ 11:20

ನಗಬೇಡಿ, ಲೆಕ್ಕ ಹಾಕಿ ನೋಡಿ. ಇಂಥ ಲೈಟುಗಳೊಳಗೆ ಸಾಮಾನ್ಯವಾಗಿ ಇರುವುದು 18650 ಅನ್ನುವ ಒಂದೇ ಒಂದು ರೀಚಾರ್ಜಬಲ್ ಸೆಲ್ಲು. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ, ಅದಕ್ಕೇ ಆ ಹೆಸರು. ಒಳ್ಳೆಯ ಸೆಲ್ಲಿನ ಸಾಮರ್ಥ್ಯ 2600ರಿಂದ 3500 ಎಂಎಎಚ್ ಇರುತ್ತದೆ. 3.6 ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 9ರಿಂದ 12 ವ್ಯಾಟ್-ಅವರ್, ಸೆಲ್ಲಿನಲ್ಲಿ ತುಂಬಿರುವ ಶಕ್ತಿ ಅಷ್ಟೇ. ಎಲ್‌ಇಡಿ, ಲೆನ್ಸು, ಸರ್ಕಿಟ್ಟು ಎಲ್ಲ ಸೇರಿ ಒಂದು ವ್ಯಾಟಿಗೆ ಸುಮಾರು 100 ಲ್ಯೂಮೆನ್ ಹೊರಗೆ ಬಂತು ಅಂತ ಇಟ್ಟುಕೊಳ್ಳಿ. 2000 ಲ್ಯೂಮೆನ್ನಿಗೆ 20 ವ್ಯಾಟ್ ಬೇಕು. ಅಂದರೆ ಅರ್ಧ ಗಂಟೆಗೆ ಬ್ಯಾಟರಿ ಖಲಾಸ್. ಬೆಂಕಿಪೊಟ್ಟಣದಷ್ಟಿರುವ ಡಬ್ಬಿಯಲ್ಲಿ 20 ವ್ಯಾಟ್ ಉರಿದರೆ ಕೈಯಲ್ಲಿ ಹಿಡಿಯೋಕೂ ಆಗಲ್ಲ.

ನನ್ನ ಹತ್ತಿರವೂ ಅಂಥದ್ದೊಂದು ಇತ್ತು. ಸೆಲ್ಲಿನ ಮೇಲೆ ರಾಜಾರೋಷವಾಗಿ 9900 ಎಂಎಎಚ್ ಅಂತ ಅಚ್ಚಾಗಿತ್ತು. ಅಡುಗೆಮನೆಯ ತಕ್ಕಡಿ ಮೇಲೆ ಇಟ್ಟೆ: 31 ಗ್ರಾಂ. ಅಸಲಿ 18650 ಆದರೆ 45 ಗ್ರಾಂ ಆಸುಪಾಸು ತೂಗಬೇಕು. ಪೂರ್ತಿ ಚಾರ್ಜ್ ಮಾಡಿ ಖಾಲಿ ಮಾಡಿ ಅಳೆದಾಗ ಬಂದಿದ್ದು 1080 ಎಂಎಎಚ್. ಹೆಂಡತಿ ಬೆಳ್ಳುಳ್ಳಿ ತೂಗೋ ತಕ್ಕಡಿ ಅದು, ಬೈಗುಳ ಬೇರೆ.

ನಿಮ್ಮ ದಾರಿಗೆ ನಿಜವಾದ 400 ಲ್ಯೂಮೆನ್ ಇದ್ದರೆ ಬೇಕಾದಷ್ಟಾಯಿತು. 4 ವ್ಯಾಟ್, ಎರಡೂವರೆ ಗಂಟೆ ಹತ್ತಿರ ಬರುತ್ತದೆ.

ಘಾಟ್_ಗಾಲಿ | ಮಂಗಳವಾರ, ಬೆಳಗ್ಗೆ 6:05

ಲ್ಯೂಮೆನ್ ಎಷ್ಟು ಅನ್ನುವುದಕ್ಕಿಂತ ಮೊದಲು ಕೇಳಬೇಕಾದ್ದು ಬೇರೆ ಇದೆ ಮಾರಾಯರೆ. ಬಕೆಟ್ಟಿನಲ್ಲಿ ಎಷ್ಟು ನೀರಿದೆ ಅನ್ನುವುದು ಲ್ಯೂಮೆನ್. ಆ ನೀರು ಗಿಡದ ಬುಡಕ್ಕೆ ಬಿತ್ತೋ ಪಕ್ಕದ ಮನೆ ಅಂಗಳಕ್ಕೆ ಬಿತ್ತೋ ಅನ್ನುವುದು ಲಕ್ಸ್. ಟಾರ್ಚಿನ ಹಾಗೆ ಗುಂಡಗೆ ಬೆಳಕು ಚೆಲ್ಲುವ ಲೈಟಿನಲ್ಲಿ ಅರ್ಧ ಬೆಳಕು ಮರದ ಕೊಂಬೆಗೂ ಎದುರಿನವರ ಕಣ್ಣಿಗೂ ಹೋಗುತ್ತದೆ. ರಸ್ತೆಗೆ ಸಿಗುವುದು ಉಳಿದದ್ದು.

ಬೈಕಿನ ಡಿಪ್ಪರ್ ಗೋಡೆ ಮೇಲೆ ಬಿದ್ದಾಗ ನೋಡಿದ್ದೀರಲ್ಲ? ಮೇಲ್ಗಡೆ ಕತ್ತರಿಸಿದ ಹಾಗೆ ಒಂದು ಗೆರೆ, ಅದರ ಮೇಲೆ ಕತ್ತಲು, ಕೆಳಗೆ ಬೆಳಕು. ಸೈಕಲ್ ಲೈಟಿಗೂ ಅಂಥ ಗೆರೆ ಇರುವ ಮಾಡೆಲ್ಲುಗಳು ಬರುತ್ತವೆ. ಜರ್ಮನಿಯಲ್ಲಿ ಇದು ಕಾನೂನು. ರಸ್ತೆಯಲ್ಲಿ ಓಡುವ ಸೈಕಲ್ಲಿನ ಲೈಟು ಎದುರಿನವರ ಕಣ್ಣು ಕುಕ್ಕಬಾರದು, 10 ಮೀಟರ್ ದೂರದಲ್ಲಿ ಕನಿಷ್ಠ 10 ಲಕ್ಸ್ ಕೊಡಬೇಕು, ಮಿಣುಕಬಾರದು. ಪಾಸಾದ ಲೈಟಿನ ಮೇಲೆ ಅಲೆಯಂಥ ಗೆರೆ, ಪಕ್ಕದಲ್ಲಿ ಕೆ ಅಕ್ಷರ, ಒಂದು ನಂಬರು ಇರುತ್ತದೆ. ಅಲ್ಲಿ 2013ರವರೆಗೆ ಮಾಮೂಲಿ ಸೈಕಲ್ಲಿಗೆ ಡೈನಮೋ ಇರಲೇಬೇಕಿತ್ತು, ಬ್ಯಾಟರಿ ಲೈಟಿಗೆ ಒಪ್ಪಿಗೆ ಸಿಕ್ಕಿದ್ದು ಆಮೇಲೆ. ಅಂಥ ಲೈಟಿನ ಡಬ್ಬಿ ಮೇಲೆ ಲ್ಯೂಮೆನ್ ಬದಲು 40 ಲಕ್ಸ್, 80 ಲಕ್ಸ್ ಅಂತ ಬರೆದಿರುತ್ತಾರೆ. 10 ಮೀಟರಿನಲ್ಲಿ 80 ಲಕ್ಸ್ ಇದ್ದದ್ದು 20 ಮೀಟರಿಗೆ ಕಾಲು ಭಾಗ, ಅಂದರೆ 20 ಆಗುತ್ತದೆ. 30 ಮೀಟರಿಗೆ ಒಂಬತ್ತರ ಹತ್ತಿರ.

ಎಷ್ಟು ದೂರ ಕಾಣಬೇಕು? ಗಂಟೆಗೆ 25 ಕಿ.ಮೀ. ಅಂದರೆ ಸೆಕೆಂಡಿಗೆ 7 ಮೀಟರ್. ಗುಂಡಿ ಕಂಡು ಬೆರಳು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು, ನಿಲ್ಲುವುದಕ್ಕೆ ಇನ್ನೊಂದು 6 ಮೀಟರ್. ಒಣ ರಸ್ತೆಯಲ್ಲೇ 13 ಮೀಟರ್ ಆಯಿತು. ಚಾಂದನಿ ಚೌಕದಿಂದ ವಾರ್ಜೆ ಕಡೆ ಇಳಿಜಾರಿನಲ್ಲಿ 45 ಮುಟ್ಟಿದರೆ 30 ಮೀಟರ್ ದಾಟುತ್ತದೆ. ಮಳೆ ಬಂದರೆ ಇನ್ನೂ ಜಾಸ್ತಿ. ಹಾಗಾಗಿ ನಿಮಗೆ ಲೈಟು ನಿಜವಾಗಿ ಬೇಕಾಗಿರುವುದು ಆಫೀಸಿನ ದಾರಿಗೆ. ಸಿಂಹಗಡ ಹತ್ತುವಾಗ ಗಂಟೆಗೆ 7-8ರಲ್ಲಿ ಏದುಸಿರು ಬಿಡುತ್ತಿರುತ್ತೀರಿ, 100 ಲ್ಯೂಮೆನ್ ಸಾಕು. ಇಳಿಯುವ ಹೊತ್ತಿಗೆ ಮೇಲೆ ಪಿಠಲ-ಭಾಕ್ರಿ ತಿಂದು ಮುಗಿಸಿರುತ್ತೀರಿ, ಸೂರ್ಯ ಬಂದಿರುತ್ತಾನೆ.

ಗೆರೆ ಇರುವ ಲೈಟಿನ ದೋಷವನ್ನೂ ಹೇಳಿಬಿಡುತ್ತೇನೆ. ತಲೆ ಮಟ್ಟದಲ್ಲಿ ಜೋತು ಬಿದ್ದ ಕೊಂಬೆ ಕಾಣಲ್ಲ. ಹೇರ್‌ಪಿನ್ ತಿರುವಿನಲ್ಲಿ ಸೈಕಲ್ ವಾಲಿದಾಗ ಬೆಳಕೂ ವಾಲುತ್ತದೆ, ತಿರುವಿನ ಒಳಗೆ ಏನಿದೆ ಗೊತ್ತಾಗಲ್ಲ. ಕತ್ತಲಲ್ಲಿ ಘಾಟ್ ಇಳಿಯುವವರು ಹೆಲ್ಮೆಟ್ ಮೇಲೆ ಒಂದು ಸಣ್ಣ ಲೈಟು ಸೇರಿಸಿಕೊಳ್ಳಿ. ಹೆಲ್ಮೆಟ್ ಲೈಟ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಕಣ್ಣಿನ ಪಕ್ಕದಿಂದಲೇ ಬೆಳಕು ಹೋದರೆ ಗುಂಡಿಯ ನೆರಳು ಕಾಣಲ್ಲ, ರಸ್ತೆ ಎಲ್ಲ ಸಪಾಟು ಅನ್ನಿಸುತ್ತದೆ. ಲೈಟು ಕೆಳಗಿದ್ದಷ್ಟೂ ನೆರಳು ಉದ್ದ, ಗುಂಡಿ ಸ್ಪಷ್ಟ.

ವಾರ್ಜೆ_ಗದಗ | ಮಂಗಳವಾರ, ಮಧ್ಯಾಹ್ನ 1:15

ಇಷ್ಟು ದಿನ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಆದರೆ ಅಂಗಡಿಯಲ್ಲಿ ಟ್ಯೂಬ್‌ಲೈಟ್ ಕೆಳಗೆ ನಿಂತು ನೋಡಿದರೆ ಎಲ್ಲ ಲೈಟೂ ಒಂದೇ ಥರ ಕಾಣುತ್ತವೆ. ಗೆರೆ ಇದೆಯೋ ಇಲ್ಲವೋ ಹೇಗೆ ತಿಳಿಯುವುದು? ಪೇಟೆ ಕಡೆ ಒಂದು ಅಂಗಡಿಯವರು "ಪಾಚ್‌ಶೇ ಮೀಟರ್ ಜಾತೋ ಪ್ರಕಾಶ್" ಅಂತಾರೆ. ಐನೂರು ಮೀಟರ್ ಅಂತೆ!

ಪಾಷಾಣ_ಅಕ್ಕ | ಮಂಗಳವಾರ, ಮಧ್ಯಾಹ್ನ 2:40

ಅಂಗಡಿಯವರಿಗೆ ಹೇಳಿ, ಒಳಗಡೆ ಗೋಡೌನಿನ ಗೋಡೆಗೆ ಹಿಡಿದು ನೋಡ್ತೀನಿ ಅಂತ. ಮೂರು ಹೆಜ್ಜೆ ದೂರ ನಿಂತು ಅಡ್ಡ ಹಿಡಿಯಿರಿ. ಗುಂಡಗೆ ಕಂಡರೆ ಟಾರ್ಚು. ಮೇಲ್ಗಡೆ ನೇರ ಅಂಚು ಕಂಡರೆ ಅದೇ ಘಾಟ್_ಗಾಲಿಯವರು ಹೇಳಿದ ಗೆರೆ. ಗೋಡೆ ತೋರಿಸೋಕೆ ಒಪ್ಪದ ಅಂಗಡಿಯಿಂದ ಎದ್ದು ಬನ್ನಿ, ಸುಮ್ನೆ ವಾದ ಬೇಡ.

ಆಮೇಲೆ ಬಟನ್ನು ನೋಡಿ. ಇದನ್ನು ಯಾರೂ ಬರೆಯಲ್ಲ. ನನ್ನ ಮೊದಲ ಲೈಟಿನಲ್ಲಿ ಒಂದೇ ಬಟನ್ನು. ಜೋರು, ಮಧ್ಯಮ, ಸಣ್ಣ, ಮಿಣುಕು, ಇನ್ನೊಂದು ಹುಚ್ಚು ಮಿಣುಕು, ಆಫ್. ಎದುರಿಗೆ ಯಾರೋ ಬರುತ್ತಿದ್ದಾರೆ, ಸ್ವಲ್ಪ ಕಮ್ಮಿ ಮಾಡೋಣ ಅಂತ ಒತ್ತಿದ್ದು ಒಂದು ಸಲ ಜಾಸ್ತಿ ಆಯಿತು. ಪಾಷಾಣ ಕೆರೆ ಪಕ್ಕದ ರಸ್ತೆಯಲ್ಲಿ ಲೈಟು ಪೂರ್ತಿ ಆಫ್. ಮುಂದೆ ಒಂದು ಎಮ್ಮೆ ಮಲಗಿತ್ತು. ಅದು ಉಸಿರು ಬಿಟ್ಟಿದ್ದು ಕೇಳಿ ಬ್ರೇಕ್ ಹಾಕಿದೆ. ಅವತ್ತಿನಿಂದ, ಬಟನ್ನು ಉದ್ದಕ್ಕೆ ಒತ್ತಿ ಹಿಡಿದರೆ ಮಾತ್ರ ಆಫ್ ಆಗುವ ಲೈಟನ್ನೇ ತಗೊಳ್ಳುತ್ತೇನೆ. ಕೈಗವಸು ಹಾಕಿಕೊಂಡು ಒತ್ತಿ ನೋಡಿ.

ಗುಂಡು ಬೆಳಕಿನ ಬಗ್ಗೆ ಒಂದು ಮಾತು. ನಾನು ಹುಬ್ಬಳ್ಳಿಯಿಂದ ಬಂದ ಹೊಸತು. ಔಂಧ್‌ನಲ್ಲಿ ಎದುರಿಗೆ ಬಂದ ಅಜ್ಜ ಒಬ್ಬರು ಕೈ ಅಡ್ಡ ಹಿಡಿದು "ಅಗ ತಾಯಿ, ಲೈಟ್ ಖಾಲಿ ಕರ!" ಅಂತ ಕೂಗಿದರು. ನಾನು ಬ್ಯಾಟರಿ ಖಾಲಿ ಆಗಿದೆ ಅಂತ ಹೇಳುತ್ತಿದ್ದಾರೆ ಅಂದುಕೊಂಡು "ಇಲ್ಲ ಕಾಕಾ, ಫುಲ್ ಚಾರ್ಜ್ ಇದೆ" ಅಂದೆ. ಮರಾಠಿಯಲ್ಲಿ ಖಾಲಿ ಅಂದರೆ ಕೆಳಗೆ ಅಂತ ಗೊತ್ತಾಗೋಕೆ ಒಂದು ತಿಂಗಳು ಬೇಕಾಯಿತು.

ಹಿಂಜವಡಿ_ಶಿಫ್ಟ್ | ಮಂಗಳವಾರ, ಮಧ್ಯಾಹ್ನ 2:58

😂😂 ಅಕ್ಕಾ, ಆ ಅಜ್ಜ ಇವತ್ತಿಗೂ ಮನೆಯಲ್ಲಿ ಈ ಕಥೆ ಹೇಳುತ್ತಿರುತ್ತಾರೆ.

ಆದರೆ ಮಿಣುಕು ಮೋಡನ್ನು ಹುಚ್ಚು ಅಂತೀರಲ್ಲ, ಯಾಕೆ? ರಾಂಗ್ ಸೈಡಿನಲ್ಲಿ ಬರೋ ಸ್ಕೂಟರಿನವರು ನನ್ನನ್ನು ನೋಡೋದೇ ಅದು ಮಿಣುಕಿದಾಗ. ಸ್ಥಿರ ಬೆಳಕಿಗೆ ಕ್ಯಾರೇ ಅನ್ನಲ್ಲ.

ಪಾಷಾಣ_ಅಕ್ಕ | ಮಂಗಳವಾರ, ಸಂಜೆ 4:10

ಹಗಲಲ್ಲಿ, ಬೀದಿದೀಪ ಇರುವಲ್ಲಿ, ಒಪ್ಪುತ್ತೇನೆ. ಕತ್ತಲಲ್ಲಿ ಮಿಣುಕಿದರೆ ನೀವು ಇದ್ದೀರಿ ಅಂತ ಗೊತ್ತಾಗುತ್ತದೆ, ಎಷ್ಟು ದೂರದಲ್ಲಿದ್ದೀರಿ, ಎಷ್ಟು ವೇಗದಲ್ಲಿ ಬರುತ್ತಿದ್ದೀರಿ ಅಂತ ಗೊತ್ತಾಗಲ್ಲ. ನಿಮಗೂ ರಸ್ತೆ ತುಂಡು ತುಂಡಾಗಿ ಕಾಣುತ್ತದೆ. ಮಿಣುಕೇ ಬೇಕಂದರೆ 200-300 ರೂಪಾಯಿಯ ಸಣ್ಣದೊಂದನ್ನು ಪಕ್ಕಕ್ಕೆ ಹಾಕಿ, ದೊಡ್ಡದು ಸ್ಥಿರವಾಗಿರಲಿ. ಒಂದು ಕೈಕೊಟ್ಟರೆ ಇನ್ನೊಂದು ಮನೆ ಮುಟ್ಟಿಸುತ್ತದೆ.

ಹಿಂಜವಡಿ_ಶಿಫ್ಟ್ | ಮಂಗಳವಾರ, ಸಂಜೆ 4:14

ಅರ್ಧ ಒಪ್ಪಿದೆ. ಹೈವೇ ಸರ್ವಿಸ್ ರೋಡಿನಲ್ಲಿ ನಾನು ಮಿಣುಕುತ್ತಲೇ ಇರುತ್ತೇನೆ.

ಡೈನಮೋ_ಕಾಕಾ | ಮಂಗಳವಾರ, ರಾತ್ರಿ 8:30

ಎಲ್ಲ ಓದಿದೆ ಮಕ್ಕಳೇ. ನಾನು ಧಾರವಾಡದಲ್ಲಿ ಓದುವಾಗ ದೀಪ ಇಲ್ಲದ ಸೈಕಲ್ಲು ರಾತ್ರಿ ಪೊಲೀಸರ ಕೈಗೆ ಸಿಕ್ಕರೆ ಟಯರಿನ ಗಾಳಿ ಬಿಟ್ಟು ಕಳಿಸುತ್ತಿದ್ದರು. ಡಬಲ್ ಸೀಟ್ ಇದ್ದರೆ ಎರಡೂ ಟಯರಿಂದು. ಆಗ ಬಾಟಲಿ ಡೈನಮೋ, 6 ವೋಲ್ಟ್ 3 ವ್ಯಾಟ್. ಟಯರಿನ ಪಕ್ಕೆಗೆ ಒತ್ತಿದರೆ ಗುಂಯ್ ಅಂತ ಸದ್ದು, ಪೆಡಲ್ ಭಾರ. ಮಳೆಯಲ್ಲಿ ಜಾರಿ ದೀಪ ಹೋಗುತ್ತಿತ್ತು. ನಿಂತರೆ ಕತ್ತಲು. ಸಪ್ತಾಪುರದ ಏರಿನಲ್ಲಿ ಹುಡುಗರು ಇಳಿದು ತಳ್ಳುವಾಗ ಎಲ್ಲ ದೀಪವೂ ಒಂದೊಂದಾಗಿ ಆರುವುದನ್ನು ನೋಡಬೇಕಿತ್ತು.

ಈಗ ಚಕ್ರದ ನಡುವಿನ ಹಬ್ಬಿನೊಳಗೇ ಡೈನಮೋ ಬರುತ್ತದೆ. ಅದೂ 6 ವೋಲ್ಟ್ 3 ವ್ಯಾಟೇ, ಆದರೆ ಎಲ್‌ಇಡಿಗೆ ಅಷ್ಟು ಧಾರಾಳ. ಸದ್ದಿಲ್ಲ, ಭಾರ ಗೊತ್ತಾಗಲ್ಲ, ನಿಂತ ಮೇಲೂ ಸ್ವಲ್ಪ ಹೊತ್ತು ದೀಪ ಉರಿಯುತ್ತದೆ. ಚಾರ್ಜಿಂಗ್ ರಗಳೆ ಯಾಕೆ?

ಘಾಟ್_ಗಾಲಿ | ಮಂಗಳವಾರ, ರಾತ್ರಿ 9:45

ಕಾಕಾ, ನಿಮ್ಮ ಮಾತು ನಿಜ, ನನ್ನ ದೂರದ ಓಡಾಟದ ಸೈಕಲ್ಲಿನಲ್ಲಿ ಅದೇ ಇದೆ. ಆದರೆ ಹಬ್ಬು, ಚಕ್ರ ಹೊಸದಾಗಿ ಕಟ್ಟಿಸುವುದು, ಲೈಟು ಎಲ್ಲ ಸೇರಿದರೆ ಇವರ 3000 ಎಲ್ಲಿ ಸಾಲುತ್ತದೆ? ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ, ಮಾಡುವವರಿಗೆ ಅದು. 300 ಕಿ.ಮೀ.ಗೆ 20 ಗಂಟೆ, 400ಕ್ಕೆ 27 ಗಂಟೆ ಸಮಯ ಇರುತ್ತದೆ, ಒಂದು ರಾತ್ರಿಯಾದರೂ ರಸ್ತೆ ಮೇಲೇ ಕಳೆಯಬೇಕು. ಅಲ್ಲಿ ಮುಂದೆ ಹಿಂದೆ ಲೈಟು ಸೈಕಲ್ಲಿಗೇ ಬಿಗಿಯಾಗಿ ಕೂತಿರಬೇಕು, ರಿಫ್ಲೆಕ್ಟರ್ ಜಾಕೆಟ್ ಬೇಕೇ ಬೇಕು.

ಡೈನಮೋ ಕೊಳ್ಳುವ ಮೊದಲು ನಾನೂ ಬ್ಯಾಟರಿ ಲೈಟಿನಲ್ಲೇ ಬೆಳಗಾವಿಗೆ ಹೋಗಿ ಬಂದವನು. ವಾಪಸ್ ಬರುವಾಗ ಖಂಬಾಟಕಿ. ಆಗ ಪುಣೆಯಿಂದ ಸಾತಾರಾಕ್ಕೆ ಹೋಗುವಾಗ ಘಾಟ್ ಹತ್ತುತ್ತಿದ್ದೆವು, ಸಾತಾರಾ ಕಡೆಯಿಂದ ಬರುವಾಗ ಸುರಂಗ. ಅದರೊಳಗೆ ಹೊಕ್ಕ ಮೇಲೆ ನನ್ನ ಲೈಟಿನ ಹಸಿರು ಚುಕ್ಕೆ ಕೆಂಪಾಯಿತು. ಹಿಂದೆ ಟ್ರಕ್ಕುಗಳ ಸದ್ದು ಗೋಡೆಗೆ ಬಡಿದು ನಾಲ್ಕು ಪಟ್ಟಾಗಿ ಕೇಳುತ್ತಿದೆ. ಪವರ್‌ಬ್ಯಾಂಕ್ ಚುಚ್ಚಿದೆ. ಲೈಟು ಆಫ್ ಆಗಿಬಿಟ್ಟಿತು! ಚಾರ್ಜ್ ಆಗುವಾಗ ಉರಿಯದ ಮಾಡೆಲ್ ಅದು. ಮನೆಯಲ್ಲಿ ಒಂದು ಸಲ ಚುಚ್ಚಿ ನೋಡಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ವೈರ್ ಕಿತ್ತು, ಸಣ್ಣ ಮೋಡಿಗೆ ಹಾಕಿ, ಗೋಡೆ ಸವರಿಕೊಂಡ ಹಾಗೆ ಹೊರಗೆ ಬಂದೆ.

ತಗೊಳ್ಳುವಾಗ ಇದನ್ನು ಕೇಳಲೇಬೇಕು: ಚಾರ್ಜ್ ಆಗುತ್ತಾ ಉರಿಯುತ್ತದಾ?

ಮಲ್ಟಿಮೀಟರ್ | ಬುಧವಾರ, ಬೆಳಗ್ಗೆ 9:10

ಇದರ ಜೊತೆಗೆ ಇನ್ನೊಂದು ಕಣ್ಕಟ್ಟು ಇದೆ. ಡಬ್ಬಿ ಮೇಲೆ "500 ಲ್ಯೂಮೆನ್, 4 ಗಂಟೆ" ಅಂತ ಇರುತ್ತದೆ. ಟಾರ್ಚುಗಳಿಗೆ ಎಫ್‌ಎಲ್‌1 ಅಂತ ಒಂದು ಅಳತೆ ಪದ್ಧತಿ ಇದೆ. ಅದರಲ್ಲಿ ಲ್ಯೂಮೆನ್ ಅಳೆಯುವುದು ಹಚ್ಚಿದ ಅರ್ಧ ನಿಮಿಷದ ಮೇಲೆ. ಗಂಟೆ ಎಣಿಸುವುದು ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗೆ. ಹಾಗಾಗಿ ನಾಲ್ಕನೇ ಗಂಟೆಯ ಕೊನೆಗೆ ನಿಮ್ಮ ಹತ್ತಿರ ಇರುವುದು 50 ಲ್ಯೂಮೆನ್. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹೊಸ ಲೈಟು ತಂದ ದಿನ ನಿಮಗೆ ಬೇಕಾದ ಮೋಡಿಗೆ ಹಾಕಿ, ಟೇಬಲ್ ಫ್ಯಾನ್ ಮುಂದೆ ಇಟ್ಟು, ಗಡಿಯಾರ ನೋಡಿ. ಫ್ಯಾನ್ ಯಾಕೆ ಅಂದರೆ ಓಡುವ ಸೈಕಲ್ಲಿಗೆ ಗಾಳಿ ಸಿಗುತ್ತದೆ. ಇಲ್ಲದಿದ್ದರೆ ಬಿಸಿಯಾಗಿ ತಾನೇ ಬೆಳಕು ಇಳಿಸಿಕೊಳ್ಳುತ್ತದೆ.

ಬ್ಯಾಟರಿ ಬಿಚ್ಚಿ ಹಾಕುವಂಥದ್ದು ಸಿಕ್ಕರೆ ಬಿಡಬೇಡಿ. ಲಿಥಿಯಂ ಸೆಲ್ಲು ಕೆಲವು ನೂರು ಸಲ ಚಾರ್ಜ್ ಆದ ಮೇಲೆ ಸೊರಗುತ್ತದೆ. ವಾರಕ್ಕೆ ಮೂರು ಸಲ ಅಂದರೆ ವರ್ಷಕ್ಕೆ ನೂರೈವತ್ತು ಆಯಿತಲ್ಲ. ಒಳಗೇ ಅಂಟಿಸಿದ್ದರೆ ಲೈಟನ್ನೇ ಎಸೆಯಬೇಕು. 18650 ಹಾಕುವ ಲೈಟಾದರೆ ಸೆಲ್ಲು ಮಾತ್ರ ಬದಲಿಸಬಹುದು. ಎಎ ಸೆಲ್ಲಿನವೂ ಇವೆ. ನಾಲ್ಕು ಎಎ ರೀಚಾರ್ಜಬಲ್ ಸೇರಿದರೆ 9-10 ವ್ಯಾಟ್-ಅವರ್, ಒಂದು 18650ಗೆ ಹತ್ತಿರ ಹತ್ತಿರ. ತೂಕ ಜಾಸ್ತಿ, ಆದರೆ ಹೈವೇ ಧಾಬಾ ಪಕ್ಕದ ಕಿರಾಣಿ ಅಂಗಡಿಯಲ್ಲೂ ಸೆಲ್ಲು ಸಿಗುತ್ತದೆ.

ಮಳೆಗೆ ಐಪಿಎಕ್ಸ್4 ಅಂದರೆ ಎರಚಿದ ನೀರು ತಡೆಯುತ್ತದೆ. ಐಪಿಎಕ್ಸ್7 ಅಂದರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ. ನಮ್ಮ ಜುಲೈ ಮಳೆಗೆ 4 ನಡೆಯುತ್ತದೆ, ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸರಿಯಾಗಿ ಕೂತಿದ್ದರೆ. ಮುಚ್ಚಳ ಸಡಿಲ ಆಯಿತು ಅಂದರೆ ನಂಬರಿಗೆ ಅರ್ಥ ಇಲ್ಲ. ಒದ್ದೆಯಾಗಿದ್ದಾಗ ಚಾರ್ಜಿಗೆ ಹಾಕಬೇಡಿ.

ವಾರ್ಜೆ_ಗದಗ | ಮೂರು ವಾರದ ನಂತರ, ಭಾನುವಾರ, ಬೆಳಗ್ಗೆ 11:30

ತಗೊಂಡೆ! ನಾಲ್ಕು ಅಂಗಡಿ ಸುತ್ತಿದೆ. ಮೂರನೆಯವರು ಗೋಡೆ ತೋರಿಸಲು ಒಪ್ಪಲಿಲ್ಲ, ಅಕ್ಕ ಹೇಳಿದ ಹಾಗೆ ಎದ್ದು ಬಂದೆ. ನಾಲ್ಕನೆಯ ಕಡೆ ಮುದುಕರೊಬ್ಬರು ಶಟರ್ ಅರ್ಧ ಎಳೆದು, ದೀಪ ಆರಿಸಿ, ತಾವೇ ಮೂರು ಲೈಟು ಹಿಡಿದು ತೋರಿಸಿದರು. ಗೆರೆ ಇರುವುದು ಒಂದೇ ಇತ್ತು. 60 ಲಕ್ಸ್, ಕಬ್ಬಿಣದ ಕ್ಲಾಂಪು, ಸ್ಕ್ರೂ ಬಿಗಿ ಮಾಡುವಂಥದ್ದು, ಚಾರ್ಜ್ ಆಗುತ್ತಾ ಉರಿಯುತ್ತದೆ. 2750. ಬ್ಯಾಟರಿ ಮಾತ್ರ ಒಳಗೇ ಇದೆ, ಮಲ್ಟಿಮೀಟರ್ ಸರ್ ಕ್ಷಮಿಸಬೇಕು. ಉಳಿದ 250ಕ್ಕೆ ಸಣ್ಣ ಮಿಣುಕು ಲೈಟು.

ಫ್ಯಾನ್ ಮುಂದೆ ಇಟ್ಟು ನೋಡಿದೆ. ಜೋರು ಮೋಡಿನಲ್ಲಿ 2 ಗಂಟೆ 20 ನಿಮಿಷ. ನನ್ನ ದಾರಿಗೆ ಒಂದು ಗಂಟೆ ಸಾಕು.

ಮೊದಲ ರಾತ್ರಿ ಬೇಜಾರೇ ಆಯಿತು. ಹಳೆಯದರ ಹಾಗೆ ಮರ, ಕಾಂಪೌಂಡು ಎಲ್ಲ ಬೆಳಗಲ್ಲ. ಇದು ಕಮ್ಮಿ ಬೆಳಕು ಅನ್ನಿಸಿತು. ಸುಸ್ ಹತ್ತಿರ ಬಂದಾಗ ಅದೇ ಹಂಪ್ ಕಂಡಿತು. ಹಂಪಿನ ಹಿಂದೆ ಉದ್ದ ಕಪ್ಪು ನೆರಳು, ಹಂಪಿನ ಮೇಲೆ ಬಿದ್ದಿದ್ದ ಚಪ್ಪಲಿ ಒಂದು, ಅದರ ಉಂಗುಷ್ಠದ ತನಕ ಕಂಡಿತು. ಎರಡು ಬೆರಳಿನ ಬ್ರೇಕು ಸಾಕಾಯಿತು.

ಇವತ್ತು ಸಿಂಹಗಡಕ್ಕೂ ಹೋಗಿ ಬಂದೆ. ಖಡಕವಾಸ್ಲಾ ದಾಟಿದ ಮೇಲೆ ಮಂಜು. ಮುಂದೆ ಬಿಳಿ ಗೋಡೆ ಕಟ್ಟಿದ ಹಾಗೆ ಆಗಿ ಏನೂ ಕಾಣಲಿಲ್ಲ. ಸಣ್ಣ ಮೋಡಿಗೆ ಹಾಕಿದ ಮೇಲೆ ವಾಸಿ. ಇದಕ್ಕೆ ಏನಾದರೂ ಉಪಾಯ?

ಘಾಟ್_ಗಾಲಿ | ಭಾನುವಾರ, ಮಧ್ಯಾಹ್ನ 12:10

ಲೈಟನ್ನು ಹ್ಯಾಂಡಲ್ಲಿನಿಂದ ಇಳಿಸಿ, ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ನೆತ್ತಿಗೆ ಕೂರಿಸಿ. ಕಣ್ಣಿಗೂ ಲೈಟಿಗೂ ಅಂತರ ಹೆಚ್ಚಿದರೆ ಮಂಜಿನ ಹೊಳಪು ಕಣ್ಣಿಗೆ ವಾಪಸ್ ಬರುವುದು ಕಮ್ಮಿ ಆಗುತ್ತದೆ. ಕೂರಿಸಿದ ಮೇಲೆ ಗೋಡೆಯಿಂದ 5 ಮೀಟರ್ ದೂರ ಸೈಕಲ್ ನಿಲ್ಲಿಸಿ. ಲೈಟಿನ ಎತ್ತರಕ್ಕಿಂತ ಗೆರೆ ಒಂದು ಗೇಣಿನ ಅರ್ಧ ಕೆಳಗಿರಲಿ. ಅದಕ್ಕಿಂತ ಮೇಲೆ ಹೋದರೆ ಯಾರಾದರೂ ಅಜ್ಜ ಖಾಲಿ ಕರಾ ಅಂತಾರೆ.

ವಾರ್ಜೆ_ಗದಗ | ಭಾನುವಾರ, ಮಧ್ಯಾಹ್ನ 12:25

ಕ್ಲಾಂಪು ಫೋರ್ಕಿಗೆ ದೊಡ್ಡದಾಗುತ್ತದೆ, ಅಲ್ಲಾಡುತ್ತಿದೆ.

ಪಾಷಾಣ_ಅಕ್ಕ | ಭಾನುವಾರ, ಮಧ್ಯಾಹ್ನ 12:31

ಪಂಕ್ಚರ್ ಅಂಗಡಿಯಲ್ಲಿ ಹಳೇ ಟ್ಯೂಬು ಕೇಳಿ. ಎರಡು ಸುತ್ತು ಸುತ್ತಿ, ಅದರ ಮೇಲೆ ಬಿಗಿ ಮಾಡಿ. ದುಡ್ಡು ತಗೊಳ್ಳಲ್ಲ ಅವರು.